ಕಾಂಡ್ಲಾ ಪೊದೆಗಳ ಆಚೆ

"ಮತ್ತೆ ಬಿದ್ದಳು," ಎಂದ ಆಶಿಶ್.

ಕಣ್ಣಿನಿಂದ ಬೈನಾಕ್ಯುಲರ್ ಇಳಿಸಲಿಲ್ಲ. ಕೊಚ್ಚಿಯ ಪನಂಗಾಡಿನ ಹಿನ್ನೀರಿನ ನಡುವೆ ಕಿತ್ತಳೆ ಬಣ್ಣದ ಹಾಯಿ ಮಗುಚಿ ಬಿದ್ದಿತ್ತು. ತನುಶ್ರೀ ತೆವಳಿ ಹಲಗೆ ಹತ್ತಿದಳು. ಹಗ್ಗ ಜಗ್ಗಿ ಹಾಯಿಯನ್ನು ನೀರಿನಿಂದ ಮೇಲೆತ್ತಿದಳು. ಗಾಳಿ ತುಂಬಿಕೊಂಡಿತು. ಹಲಗೆ ಮತ್ತೆ ದೂರದಲ್ಲಿ ನೀರಿನಲ್ಲೇ ಬೇರೂರಿ ನಿಂತ ಕಾಂಡ್ಲಾ ಪೊದೆಗಳ ಕಡೆಗೇ ಓಡಿತು.

"ತಿರುಗಿಸು ತನು! ಈ ಕಡೆ ತಿರುಗಿಸು!"

ಅವಳು ತಿರುಗಿಸಲಿಲ್ಲ. ಯಾವ ಭಾನುವಾರವೂ ತಿರುಗಿಸಿರಲಿಲ್ಲ. ಗಾಳಿಯ ಜೊತೆ ಹೋಗುವುದು ಯಾರಿಗಾದರೂ ಬಂದೀತು. ಗಾಳಿಗೆ ಎದುರಾಗಿ, ಅಡ್ಡಡ್ಡ ಹಾಯ್ದು, ಹೊರಟ ದಡಕ್ಕೆ ಮರಳುವುದೇ ವಿಂಡ್‌ಸರ್ಫಿಂಗ್‌ನಲ್ಲಿ ಕಲಿಯಬೇಕಾದ ವಿದ್ಯೆ. ಮಳೆಗಾಲ ಮುಗಿದಾಗ ತರಗತಿಗೆ ಸೇರಿದವಳು ಬೇಸಿಗೆ ಬಂದರೂ ಪ್ರತಿ ವಾರ ಅದೇ ಪೊದೆಗಳ ಹಿಂದೆ ಹೋಗಿ ಸಿಕ್ಕಿಕೊಳ್ಳುತ್ತಿದ್ದಳು. ಆಮೇಲೆ ತರಬೇತುದಾರ ವಿನ್ಸೆಂಟ್ ಮೋಟಾರು ದೋಣಿಯಲ್ಲಿ ಹೋಗಿ ಎಳೆದು ತರಬೇಕು. ದೋಣಿಯೂ ಅಷ್ಟೇ. ಅಲ್ಲಿ ಹೋದದ್ದೇ ಎಂಜಿನ್ ಕೈಕೊಡುತ್ತಿತ್ತು. ಅವರಿಬ್ಬರೂ ಮರಳುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು.

"ಇಷ್ಟು ದಿನ ಏನು ಕಲಿಸಿದ್ರಿ ನೀವು?" ಆಶಿಶ್ ರೇಗಿದ.

ವಿನ್ಸೆಂಟ್ ಕೊಚ್ಚಿಯವನೇ. ಮಂಗಳೂರಿನ ಬಂದರಿನಲ್ಲಿ ವರ್ಷಗಟ್ಟಲೆ ದುಡಿದು ಅಲ್ಲಿಯ ಕನ್ನಡ ಕಲಿತಿದ್ದ. "ನಿಧಾನಕ್ಕೆ ಬರ್ತದೆ ಸಾರ್. ಬರುವ ಮನಸ್ಸಾದ ದಿನ ಬರ್ತಾರೆ," ಎಂದ.

ಆಶಿಶ್‌ಗೆ ಹೆಂಡತಿಯೆಂದರೆ ಜೀವ ಎಂದು ಅವರ ಫ್ಲ್ಯಾಟಿನವರೆಲ್ಲ ಹೇಳುತ್ತಿದ್ದರು. ಇಬ್ಬರೂ ಮೈಸೂರಿನವರು, ಕಾಕ್ಕನಾಡಿನ ಒಂದೇ ಕಂಪನಿಯಲ್ಲಿ, ಒಂದೇ ಮಹಡಿಯಲ್ಲಿ ಕೆಲಸ. ಕಂಪನಿಯ ಕ್ಯಾಬ್‌ನಲ್ಲಿ ಅವಳು ನಲುಗುವುದು ಬೇಡವೆಂದು ಅವನೇ ಕಾರಿನಲ್ಲಿ ಕರೆದೊಯ್ದು ಕರೆತರುತ್ತಿದ್ದ. ಅವಳ ಮೊಬೈಲು ಅವನ ಜೇಬಿನಲ್ಲೇ ಇರುತ್ತಿತ್ತು. ಅವಳ ತಾಯಿ ಫೋನ್ ಮಾಡಿದರೆ, "ಮಲಗಿದ್ದಾಳೆ ಅತ್ತೆ, ಆಮೇಲೆ ಮಾಡಿಸ್ತೀನಿ," ಎನ್ನುತ್ತಿದ್ದ. ತಿರುವನಂತಪುರದ ಕಚೇರಿಗೆ ಅವಳಿಗೆ ಬಡ್ತಿ ಬಂದಾಗ, ಅವಳೊಬ್ಬಳೇ ಇರಲಾರಳೆಂದು ಮ್ಯಾನೇಜರಿಗೆ ಹೇಳಿ ತಪ್ಪಿಸಿದವನೂ ಅವನೇ. ಅವಳು ಆಸೆಯಿಂದ ಕೇಳಿದ್ದರಲ್ಲಿ ಅವನು ಒಪ್ಪಿದ್ದು ಈ ತರಗತಿಯೊಂದನ್ನೇ. ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಇಡೀ ಹಿನ್ನೀರು ಕಣ್ಣಳತೆಯಲ್ಲಿರುತ್ತದೆ. "ನೀರಿನ ಮೇಲಿಂದ ಎಲ್ಲಿಗೆ ಹೋಗ್ತಾಳೆ?" ಎಂದು ನಕ್ಕಿದ್ದ.

ಈಗ ನಗು ಬರಲಿಲ್ಲ. ಹಾಯಿ ಪೊದೆಗಳ ಅಂಚಿನಲ್ಲಿ ದೊಪ್ಪನೆ ಬಿತ್ತು. ತನುಶ್ರೀ ಎರಡೂ ಕೈ ಮೇಲೆತ್ತಿ ಬೀಸಿದಳು. ಹಿಂದೆಂದೂ ಹಾಗೆ ಬೀಸಿದವಳಲ್ಲ. ನೋಡುತ್ತಿದ್ದಂತೆ ಪೊದೆಗಳ ಹಿಂದೆ ಮರೆಯಾದಳು.

ವಿನ್ಸೆಂಟ್ ದೋಣಿಗೆ ಹಾರಿ ಎಂಜಿನ್ನಿನ ಹಗ್ಗ ಎಳೆದ. ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ. ಮತ್ತೆ ಕೆಮ್ಮಿತು.

"ಏನ್ರೀ ಇದು! ಅವಳು ಮುಳುಗ್ತಿದ್ದಾಳೆ!"

"ಜಾಕೆಟ್ ಹಾಕಿದ್ದಾರಲ್ಲ ಸಾರ್. ಸ್ವಲ್ಪ ತಡೀರಿ."

ಆಶಿಶ್ ತಡೆಯಲಿಲ್ಲ. ಅವನಿಗೆ ಈಜು ಬಾರದು. ಆದರೂ ಲೈಫ್ ಜಾಕೆಟ್ ಬಿಗಿದುಕೊಂಡು ದಡದಲ್ಲಿದ್ದ ಇನ್ನೊಂದು ಹಲಗೆಯನ್ನು ನೀರಿಗೆ ತಳ್ಳಿದ.

"ಬೇಡ ಸಾರ್. ಹೋಗ್ಲಿಕ್ಕೆ ಸುಲಭ, ಬರ್ಲಿಕ್ಕೆ ಕಷ್ಟ."

"ನಿಮ್ಮ ಪಾಠ ವಾರ ವಾರ ಕೇಳಿದ್ದೀನಿ, ಬಿಡಿ."

ಎದ್ದ, ಬಿದ್ದ, ಉಪ್ಪುನೀರು ಕುಡಿದ. ಕೊನೆಗೆ ಮೊಣಕಾಲೂರಿ ಹಾಯಿಯನ್ನು ಹೇಗೋ ತಬ್ಬಿಕೊಂಡ. ಮಿಕ್ಕಿದ್ದನ್ನು ಗಾಳಿ ಮಾಡಿತು. ದಡ ದೂರವಾಯಿತು. ಹಿಂದಿರುಗಿ ನೋಡಲು ಧೈರ್ಯ ಬರಲಿಲ್ಲ. ಹಲಗೆ ಅವನನ್ನು ಪೊದೆಗಳ ಹಿಂದಕ್ಕೆ ಹೊತ್ತೊಯ್ದು ಬೇರುಗಳಿಗೆ ಗುದ್ದಿತು. ಅವನು ನೀರಿಗುರುಳಿದ.

ತನುಶ್ರೀ ಅಲ್ಲೇ ತನ್ನ ಹಲಗೆಯ ಮೇಲೆ ಕೂತಿದ್ದಳು.

"ಹೆದರ್ಬೇಡ ತನು," ಅವನು ಏದುಸಿರು ಬಿಟ್ಟ. "ನಾನಿದ್ದೀನಿ."

"ಗೊತ್ತು. ನೀವು ಯಾವಾಗ್ಲೂ ಇರ್ತೀರಿ."

ಅವಳು ಎದ್ದು ನಿಂತಳು. ಒಂದೇ ಎಳೆತಕ್ಕೆ ಹಾಯಿ ನೆಟ್ಟಗಾಯಿತು. ಮೈಯನ್ನು ಹಿಂದಕ್ಕೆ ವಾಲಿಸಿದಳು. ಹಲಗೆ ಗಾಳಿಯನ್ನು ಓರೆಯಾಗಿ ಸೀಳಿಕೊಂಡು ಹೊರಟಿತು. ಸ್ವಲ್ಪ ದೂರ ಎಡಕ್ಕೆ ಹೋಗಿ ಮೂತಿ ಬಲಕ್ಕೆ ಹೊರಳಿಸಿತು, ಮತ್ತೆ ಎಡಕ್ಕೆ. ಪ್ರತಿ ಹೊರಳಿಗೂ ದಡ ಅವಳಿಗೆ ಹತ್ತಿರವಾಗುತ್ತಿತ್ತು. ಒಮ್ಮೆಯೂ ಬೀಳಲಿಲ್ಲ.

"ತನು! ನನ್ನನ್ನ ಬಿಟ್ಟು... ತನು!"

ಪೊದೆಗಳ ಸಂದಿನಿಂದ ದಡ ಕಾಣುತ್ತಿತ್ತು. ಅಲ್ಲೊಂದು ಬಿಳಿ ಕಾರು ಬಂದು ನಿಂತಿತ್ತು. ಪಕ್ಕದಲ್ಲಿ ಜಾಯ್ಸ್. ಕಾಕ್ಕನಾಡಿನಲ್ಲಿ ತನುಶ್ರೀಯ ಮಗ್ಗುಲ ಕುರ್ಚಿಯಲ್ಲಿದ್ದು, ಈಗ ತಿರುವನಂತಪುರದ ಕಚೇರಿಗೆ ಹೋಗಿದ್ದ ಗೆಳತಿ. ಅವಳು ಟವೆಲ್ ಬಿಡಿಸಿ ಹಿಡಿದುಕೊಂಡು ಕಾಯುತ್ತಿದ್ದಳು. ತನುಶ್ರೀ ಹಲಗೆಯನ್ನು ಮರಳಿನ ಮೇಲೆಳೆದಳು, ಟವೆಲ್ ಹೊದ್ದಳು, ಕಾರು ಹತ್ತಿದಳು. ಕಾರು ದಕ್ಷಿಣದ ರಸ್ತೆ ಹಿಡಿಯಿತು.

ಆಶಿಶ್ ಒಂದು ಬೇರನ್ನು ಎರಡೂ ಕೈಗಳಿಂದ ಅವುಚಿಕೊಂಡಿದ್ದ. ಕೆಳಗೆ ಏನೋ ಮೆತ್ತಗೆ ತಾಗಿದಂತಾಗಿ ಕಾಲುಗಳನ್ನು ಎದೆಗೆ ಎಳೆದುಕೊಂಡಿದ್ದ. ಹಲಗೆ ಕೈಗೆ ಸಿಗದಷ್ಟು ದೂರ ತೇಲಿಹೋಗಿತ್ತು. ಸುತ್ತ ಬೇರು, ಪಾಚಿ, ಕಪ್ಪು ನೀರು. ಕೂಗಿ ಕೂಗಿ ಗಂಟಲು ಕಟ್ಟಿತು. ಆ ಸಂದೊಂದು ಬಿಟ್ಟರೆ ಯಾವ ಕಡೆ ತಿರುಗಿದರೂ ಒಂದೇ ಹಸಿರು ಗೋಡೆ. ತನ್ನನ್ನು ಇಲ್ಲಿ ಯಾರೂ ನೋಡಲಾರರು ಎಂಬುದು ಮೊದಲ ಬಾರಿಗೆ ಹೊಳೆಯಿತು.

ಬಹಳ ಹೊತ್ತಿನ ಮೇಲೆ ದೋಣಿಯ ಸದ್ದು ಕೇಳಿಸಿತು.

"ಬೇಗ ಬನ್ರೀ! ಮುಳುಗ್ತಾ ಇದ್ದೀನಿ!"

ವಿನ್ಸೆಂಟ್ ಎಂಜಿನ್ ಆರಿಸಿ ಅವನನ್ನೊಮ್ಮೆ ನೋಡಿದ.

"ಎದ್ದು ನಿಲ್ಲಿ ಸಾರ್, ಸೊಂಟದಷ್ಟೇ ನೀರು. ಅವ್ರು ವಾರ ವಾರ ಇಲ್ಲೇ ನಿಂತು ಕಲ್ತದ್ದು."