ಬೇಲಿಯಾಚೆಯ ಬಾಣಂತಿ ತಿನಿಸು

ಮಾರ್ಚ್ ತಿಂಗಳ ಚಳಿ, ಬೆಳಗಿನ ಹತ್ತು ಗಂಟೆ. ಲಂಡನ್ನಿನ ಹ್ಯಾರೋದ ಮನೆಯ ಹಿತ್ತಲಲ್ಲಿ ಸುಶೀಲಾಬಾಯಿ ಕೂಸಿನ ಬಟ್ಟೆ ಒಣಹಾಕುತ್ತಿದ್ದಳು. ಬೇಲಿಯಾಚೆ ಇನ್ನೊಬ್ಬ ಮುದುಕಿಯೂ ಕೂಸಿನ ಬಟ್ಟೆಯನ್ನೇ ಹರವುತ್ತಿದ್ದಳು. ಈಕೆ ಮಗಳ ಬಾಣಂತನಕ್ಕೆ ವಿಜಯಪುರದಿಂದ ಬಂದವಳು, ಆಕೆ ಚೀನಾದಿಂದ. ಹೆಸರು ಲಿನ್. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಸುಶೀಲಾಬಾಯಿ ಒಳಹೋಗಿ ಮಗಳಿಗೆಂದು ಕಟ್ಟಿದ್ದ ಅಂಟಿನ ಉಂಡಿ ತಂದು ಕೊಟ್ಟಳು. ಮರುದಿನ ಆಕೆ ಕೊಟ್ಟದ್ದು ಒಂದು ಕೆಂಪು ಡಬ್ಬಿ. ಒಳಗೆ ಕರ್ರಗೆ ಮಿರುಗುವ ತುಣುಕುಗಳು, ನಡುವೆ ಅಕ್ರೋಡು, ಎಳ್ಳು, ಉತ್ತತ್ತಿ.

"ನೋಡಲ್ಲೇ, ಅವರೂ ಬಾಣಂತಿಗೆ ಅಂಟಽ ಹಾಕ್ತಾರ," ಎಂದು ಮಗಳು ನೇತ್ರಾಗೆ ದಿನಕ್ಕೆರಡು ತಿನ್ನಿಸಿದಳು. ಚಹಾದ ಜೋಡಿ ತಾನೂ ಒಂದು ತಿಂದಳು.

ಎಂಟನೆಯ ದಿನ ಅಳಿಯ ನಿತೀಶ ಡಬ್ಬಿಯ ಮೇಲಿನ ಚೀನೀ ಅಕ್ಷರ ಅನುವಾದಿಸಲು ಮೊಬೈಲು ಹಿಡಿದ. ಓದಿದವನು ಡಬ್ಬಿಯ ಮುಚ್ಚಳ ಹಾಕಿದ.

"ಏನೈತ್ರೀ ಅದರಾಗ?" ಎಂದಳು ನೇತ್ರಾ.

"ಗಿಡದ ಅಂಟಲ್ಲ ಇದು. ಕತ್ತಿ ಚರ್ಮ ಕುದಿಸಿ ತಗದದ್ದು. ಬಾಣಂತಿಗೆ ರಕ್ತ ಹೆಚ್ಚಲಿ ಅಂತ ಕೊಡ್ತಾರಂತ."

ಕತ್ತೆಯ ಚರ್ಮ ಎಂದದ್ದೇ ಸುಶೀಲಾಬಾಯಿಯ ಕೈ ಕೊರಳ ಲಿಂಗಕ್ಕೆ ಹೋಯಿತು. ತತ್ತಿ ಹಾಕಿದ ಕೇಕನ್ನೂ ಮುಟ್ಟದವಳು. ಬಾಯಿ ತೊಳೆದಳು, ಮತ್ತೊಮ್ಮೆ ತೊಳೆದಳು, ದೇವರ ಮುಂದೆ ಕೂತಳು.

"ಇನ್ನ ಆ ಅಜ್ಜಿ ಸಹವಾಸ ಸಾಕವ್ವ," ಎಂದಳು ನೇತ್ರಾ.

ಅದು ಮಾತ್ರ ಸುಶೀಲಾಬಾಯಿಗೆ ನಾಟಿತು. ಮಗಳು ಅಳಿಯನನ್ನು ಬಿಟ್ಟರೆ ಈ ಊರಿನಲ್ಲಿ ತನ್ನನ್ನು ನೋಡಿ ನಗುವ ಜೀವ ಅದೊಂದೇ. ದೇವರ ಮುಂದಿನಿಂದ ಎದ್ದು ಬಂದಳು. "ನೀ ಹುಟ್ಟಿದ ಒಂಬತ್ತನೇ ದಿನ ನಮ್ಮ ಓಣಿಗೆ ಕತ್ತಿ ಹಾಲಿನಾಕಿ ಬಂದಿದ್ಲು. ಒಂದು ಚಮಚಿ ನಾನಽ ನಿನ್ನ ಬಾಯಾಗ ಹಾಕೀನಿ."

"ಆ ಕತ್ತಿ ಹಾಲು ಕೊಟ್ಟು ಮನೀಗೆ ಹೋತವ್ವ!"

"ಹೌದು. ಅದಕ್ಕಽ ಇದನ್ನ ಇನ್ನ ತಿನ್ನೂದಿಲ್ಲ. ಆದರ ಬೇಲಿ ಆಚಿ ಆಕಿ ತನ್ನ ಮಗಳ ಪಾಲಿಂದು ತಗದು ನಿನಗ ಕೊಟ್ಟಾಳ."

ಬೇಲಿಯ ಹತ್ತಿರ ಹೋದಳು. ಡಬ್ಬಿ ತೋರಿಸಿ, ತಲೆಯ ಮೇಲೆ ಎರಡು ಕೈ ಕಿವಿಯಂತೆ ನಿಲ್ಲಿಸಿ, ಕತ್ತೆಯಂತೆ ಒದರಿದಳು. ಲಿನ್ ಕಣ್ಣು ಬಿಟ್ಟಳು. ಆಮೇಲೆ ಬೇಲಿ ಹಿಡಿದುಕೊಂಡು ನಕ್ಕಳು, ತಾನೂ ಒದರಿದಳು. ಸುಶೀಲಾಬಾಯಿ ಲಿಂಗ ಮುಟ್ಟಿ ತೋರಿಸಿ, ಕೈಮುಗಿದು, ಡಬ್ಬಿಯ ಜೊತೆಗೆ ಜಾಲಿ ಅಂಟಿನ ಪೊಟ್ಟಣ ಮುಂದೆ ಹಿಡಿದಳು. ಲಿನ್ ನಗು ನಿಲ್ಲಿಸಿ, ಎರಡನ್ನೂ ತೆಗೆದುಕೊಂಡು, ಆ ಮುಗಿದ ಕೈಗಳನ್ನು ಗಟ್ಟಿಯಾಗಿ ಹಿಡಿದಳು.

ಮೂರನೆಯ ದಿನ ಡಬ್ಬಿ ಮರಳಿ ಬಂತು. ಅದೇ ಅಕ್ರೋಡು, ಅದೇ ಎಳ್ಳು. ಬಣ್ಣ ಮಾತ್ರ ಜೇನಿನದು. ಲಿನ್ ಖಾಲಿ ಪೊಟ್ಟಣ ಎತ್ತಿ ತೋರಿಸಿದಳು. ನೇತ್ರಾ ಒಂದೇ ಸಲಕ್ಕೆ ಮೂರು ತಿಂದಳು.

ಏಪ್ರಿಲ್ ಹದಿನಾರು, ಗುರುವಾರ, ಲಿನ್ ತನ್ನ ಊರಿಗೆ ಹೊರಟಳು. ಟ್ಯಾಕ್ಸಿ ತಿರುವಿನಲ್ಲಿ ಹೊರಳುವಾಗ ಹಿಂದಿನ ಗಾಜಿನಲ್ಲಿ ಎರಡು ಕೈ ಕಿವಿಯಂತೆ ಎದ್ದು ನಿಂತವು. ಬೀದಿಯಲ್ಲಿ ನಿಂತ ಸುಶೀಲಾಬಾಯಿ ಎದೆತುಂಬ ಒದರಿದಳು. ಎರಡೂ ಮನೆಯ ಕೂಸುಗಳು ಒಮ್ಮೆಗೇ ಎದ್ದು ಓಗೊಟ್ಟವು.