ಮೈಕಿನ ಎತ್ತರ

"ಅಳು ಬಂದ್ರೆ ತಡ್ಕೋಬೇಡಮ್ಮ, ಫೋಟೋ ಚೆನ್ನಾಗಿ ಬರುತ್ತೆ," ಎಂದು ಕಾಲೇಜಿನ ಅಧ್ಯಕ್ಷರು ಎದ್ದು ಬಂದು ಮೈಕ್ ತೋರಿಸಿದರು. "ಮನೆ ಕಷ್ಟ ಎಲ್ಲಾ ಬಿಡಿಸಿ ಹೇಳು, ದಾನಿಗಳು ಕೇಳಲಿ." ದಾನಿಗಳು ವೇದಿಕೆಯ ಮೆತ್ತನೆಯ ಕುರ್ಚಿಗಳಲ್ಲಿ ಆರಾಮಾಗಿ ಕೂತಿದ್ದರು. ವಿದ್ಯಾರ್ಥಿವೇತನ ಪಡೆಯುವವರು ಗೋಡೆಗಂಟಿಕೊಂಡು ನಿಂತಿದ್ದರು.

ದರ್ಜಿಯ ಮಗಳು ಮೈಕಿನ ಮುಂದೆ ಬಂದಳು. ಈ ದುಡ್ಡು ಕೈತಪ್ಪಿದರೆ ಅವಳ ಓದು ಅಲ್ಲಿಗೇ ಮುಗಿದ ಹಾಗೆ. ಪಕ್ಕದ ಪಟದಲ್ಲಿ ದೊಡ್ಡ ಮೇಡಂ ಇದ್ದರು. ಈ ಕಾಲೇಜು ಕಟ್ಟಿ, ಇದ್ದೊಂದು ಮನೆಯನ್ನೂ ಇದಕ್ಕೇ ಬರೆದುಕೊಟ್ಟವರು. ವಿದ್ಯಾರ್ಥಿವೇತನ ಅವರ ಹೆಸರಿನದೇ. ಇಲ್ಲೇ ಓದಿದ್ದ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಅವರ ಸುದ್ದಿ ಅದೆಷ್ಟು ಸಲ ಹೇಳಿದ್ದಳೋ. ಫೀಸಿಗೆ ದುಡ್ಡಿಲ್ಲ ಅಂತ ಬಾಗಿಲಲ್ಲಿ ನಿಂತವರಿಗೆಲ್ಲ ಮೇಡಂ ಒಂದೇ ಮಾತು ಹೇಳುತ್ತಿದ್ದರಂತೆ: "ಮೊದಲು ಕೂತ್ಕೋ. ನಿಂತವರ ಮಾತು ನನಗೆ ಕೇಳಿಸಲ್ಲ."

ಹುಡುಗಿ ಗಿರಕ್ಕನೆ ತಿರುಗಿದಳು. ಖಾಲಿಯಿದ್ದ ಅಧ್ಯಕ್ಷರ ಕುರ್ಚಿಯನ್ನೇ ಕರಕರ ಎಳೆದು ತಂದು, ಮೈಕಿನ ಮುಂದೆ ಹಾಕಿ, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಳು.

"ಏನಮ್ಮ ಇದು, ಮರ್ಯಾದೆ ಬೇಡ್ವಾ? ಎದ್ದು ನಿಂತು ಮಾತಾಡು!" ಅಧ್ಯಕ್ಷರು ಗದರಿದರು.

"ಮೇಡಂ ಯಾರನ್ನೂ ನಿಲ್ಲಿಸಿ ಕೊಟ್ಟಿಲ್ಲ ಸಾರ್. ಅವರ ಹೆಸರಲ್ಲಿ ಕೊಡೋದಾದ್ರೆ ಕೂತೇ ತಗೋತೀನಿ. ನಿಲ್ಲಿಸಿಯೇ ಕೊಡಬೇಕು ಅಂದ್ರೆ ನಿಮ್ಮ ಹೆಸರಲ್ಲೇ ಕೊಟ್ಕೊಳ್ಳಿ, ನನಗೆ ಬೇಡ."

ಅಧ್ಯಕ್ಷರು ದಾನಿಗಳತ್ತ ನೋಡಿದರು. ದಾನಿಗಳು ಪಟದತ್ತ ನೋಡುತ್ತಿದ್ದರು.

"ಕೂತ್ರೆ ಮೈಕ್ ಎಟಕಲ್ಲ ನಿನಗೆ," ಅಂದರು ಅಧ್ಯಕ್ಷರು.

"ಇಳಿಸಿ ಸಾರ್."

ಅಧ್ಯಕ್ಷರು ಅವಳ ಮುಂದೆ ಬಗ್ಗಿ ಮೈಕಿನ ತಿರುಪು ಸಡಿಲಿಸತೊಡಗಿದರು.