ಮೂರನೇ ಸಲ

ತೀರಿಕೊಂಡವರೆಲ್ಲ ಹೋಗಿ ಸೇರುವ ಆನ್‌ಲೈನ್ ಆಟಕ್ಕೆ ಬಸಲಿಂಗಪ್ಪನೂ ಹೋಗಿ ವರ್ಷವಾಗಿತ್ತು. ಅಲ್ಲಿರುವವರು ವ್ಯಾಪಾರದ ಮಾತನ್ನಷ್ಟೇ ಆಡಬಹುದು. ಹೆಂಡತಿ ಶಂಕ್ರವ್ವ ದಿನಾ ಮೊಬೈಲಿನಲ್ಲಿ ಅವನ ಅಂಗಡಿಗೆ ಹೋಗಿ ಒಂದು ಚೀಲ ಮೆಣಸಿನಕಾಯಿ ಕೊಳ್ಳುತ್ತಿದ್ದಳು. ಅವನು “ತಗೊಳ್ರಿ” ಎನ್ನುವಷ್ಟರಲ್ಲಿ ವ್ಯಾಪಾರ ಮುಗಿದುಹೋಗುತ್ತಿತ್ತು. ಆಟದೊಳಗಿನ ಅವಳ ಮನೆಯಲ್ಲಿ ಈಗ ಕಾಲಿಡಲು ಜಾಗವಿಲ್ಲದಷ್ಟು ಚೀಲಗಳು.

ಇವತ್ತು ಅವಳು ಆಟದ ಕಚೇರಿಗೇ ಬಂದು, ಆಟದಲ್ಲಿ ಹರಾಜೂ ಇರಬೇಕೆಂದು ಅರ್ಜಿ ಬರೆಸುತ್ತಿದ್ದಳು.

“ಯಾಕ ಬೇಕು ಅಂತ ಬರೀಲಿ, ಅಮ್ಮಾರ?” ಎಂದಳು ಗುಮಾಸ್ತೆ ರುಬೀನಾ.

“ನಮ್ಮ ಮನಿಯವ್ರು ಮೂವತ್ತು ವರ್ಷ ಮೆಣಸಿನಕಾಯಿ ಪ್ಯಾಟ್ಯಾಗ ಹರಾಜಿನ ಸವಾಲು ಕೂಗಿದವ್ರು. ಈಗ ದಿನಕ್ಕ ಒಂದ ಮಾತು.”

ರುಬೀನಾ ಬರೆದುಕೊಂಡಳು. “ಎಷ್ಟು ಹೊತ್ತು ನಡೀಬೇಕ್ರಿ? ಐದು ನಿಮಿಷ ಇಡ್ಲೇನು?”

“ಹೊತ್ತು ಇಡಬ್ಯಾಡ. ಒಂದನೇ ಸಲ, ಎರಡನೇ ಸಲ ಅಂತ ಕೂಗ್ತಾರ. ಮೂರನೇ ಸಲ ಅಂದ್ರ ಮುಗೀತು. ನಡುವ ಯಾರರ ರೇಟು ಏರಿಸಿದ್ರ ಮತ್ತ ಮೊದಲಿಂದ.”

“ತನ್ನ ಸವಾಲಿನ ಮ್ಯಾಲೆ ತಾನ ಏರಿಸಬಾರ್ದು ಅಂತನೂ ಹಾಕ್ತೀನಿ. ಅಂಥ ಹುಚ್ಚರು ಯಾರೂ ಇರೂದಿಲ್ಲ, ಆದ್ರೂ ಇರ್ಲಿ.”

ಶಂಕ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಅದೊಂದು ಹಾಕಬ್ಯಾಡ, ತಂಗಿ.”

“ಯಾಕ್ರಿ?”

“ಅವ್ರ ಅಂಗಡಿಗೆ ನನ್ನ ಬಿಟ್ರ ಬ್ಯಾರೆ ಗಿರಾಕಿ ಇಲ್ಲ. ಎರಡನೇ ಸಲ ಅಂದ ಕೂಡ್ಲೆ ನಾನ ಏರಿಸ್ತೇನಿ. ಮತ್ತ ಒಂದನೇ ಸಲದಿಂದ ಕೂಗ್ಲಿ.”